ಕಸಿಯಕ್ಕ ಹೇಳಿದ ಮದ್ದು

ಗುಲಾಬಿ ತೋಟದಲ್ಲಿ ಇಪ್ಪತ್ತೆರಡು ವರ್ಷ ಕಸಿ ಕಟ್ಟಿದವಳನ್ನು ಎಲ್ಲರೂ ಕಸಿಯಕ್ಕ ಎಂದೇ ಕರೆಯುತ್ತಿದ್ದರು. ಕಾಡುಗುಲಾಬಿಯ ಕಾಂಡದ ಸಿಪ್ಪೆ ಸೀಳಿ, ಒಳ್ಳೆಯ ಗಿಡದಿಂದ ಹೆರೆದು ತೆಗೆದ ಚಿಗುರಿನ ಕಣ್ಣನ್ನು ಅದರೊಳಗೆ ಕೂರಿಸಿ ದಾರ ಸುತ್ತುವುದು ಅವಳ ಕೆಲಸ. ಒಂಬತ್ತು ವರ್ಷ ಹೂವಿಗೆ ಹೂವು ಕೂಡಿಸಿ, ಬೀಜ ಬಿತ್ತಿ, ಬಂದದ್ದನ್ನು ಆರಿಸಿ ಆರಿಸಿ, ಕಡೆಗೆ ಬೆಣ್ಣೆ ಬಣ್ಣದ ಒಂದು ಗುಲಾಬಿಯನ್ನು ಅವಳು ಹುಟ್ಟಿಸಿದ್ದಳು. ಮುದಿ ಯಜಮಾನರು ಅದನ್ನು ಮೂಸಿ ನೋಡಿ, "ಇದಕ್ಕೆ ನೀನೇ ತಾಯಿ" ಅಂದಿದ್ದರು.

ಯಜಮಾನರು ತೀರಿಕೊಂಡ ಮೇಲೆ ತೋಟ ಅವರ ಅಳಿಯನ ಕೈಗೆ ಬಂತು. ಹೂವಿನ ಪ್ರದರ್ಶನದಲ್ಲಿ ಅವನು ಆ ಗುಲಾಬಿಗೆ ತನ್ನ ಮಗಳ ಹೆಸರಿಟ್ಟು, ಬೆಳೆಸಿದವರು ಎಂಬಲ್ಲಿ ತನ್ನ ಹೆಸರು ಬರೆಸಿ, ಮೊದಲ ಬಹುಮಾನ ಎತ್ತಿಕೊಂಡು ಬಂದ. ವಾರ ಕಳೆಯುವುದರೊಳಗೆ ಕಸಿಯಕ್ಕನನ್ನು ಆಫೀಸಿಗೆ ಕರೆಸಿದ.

"ನೋಡಿ ಅಕ್ಕಾ, ಒಂದು ಕಾಲ ಹೋಗಿ ಇನ್ನೊಂದು ಕಾಲ ಬರುತ್ತೆ. ಹಳೇ ಎಲೆ ಉದುರಿದ್ರೇನೇ ಹೊಸ ಚಿಗುರಿಗೆ ಜಾಗ. ಗಿಡಾನೇ ಇದನ್ನ ಒಪ್ಕೊಳ್ಳುತ್ತೆ, ನಾವು ಒಪ್ಕೋಬಾರದಾ?"

ಗಿಡದ ವಿಷಯವನ್ನು ಅವಳಿಗೇ ಹೇಳಿಕೊಟ್ಟ! ಕಸಿಯಕ್ಕನ ಮೈಯೆಲ್ಲ ಉರಿದುಹೋಯಿತು. ತನ್ನ ಚಾಕು ಎತ್ತಿಕೊಂಡು ಹೊರಟಳು.

ಮನೆಯಲ್ಲಿ ಅವಳೂ ತಂಗಿಯೂ ಇಬ್ಬರೇ. ತಂಗಿ ಬಟ್ಟೆ ಹೊಲಿಯುತ್ತಿದ್ದಳು.

"ಬಿಟ್ಟಾಕು. ಬೇರೆ ತೋಟ ಇಲ್ವಾ?" ಅಂದಳು ತಂಗಿ.

"ತೋಟ ಇದೆ. ಹೊಟ್ಟೇಲಿರೋ ಕೆಂಡಾನ ಎಲ್ಲಿ ಇಡ್ಲಿ?"

ಚಳಿಗಾಲವೆಲ್ಲ ಅವಳು ಆ ಕೆಂಡಕ್ಕೆ ಗಾಳಿ ಹಾಕುತ್ತಲೇ ಕಳೆದಳು. ತರಕಾರಿ ತರುವ ನೆಪದಲ್ಲಿ ತೋಟದ ಬೇಲಿಯ ಪಕ್ಕದಲ್ಲೇ ನಡೆದು ಹೋಗುವಳು. ಆರುನೂರು ಬೆಣ್ಣೆ ಗುಲಾಬಿಗಳು ಸಾಲಾಗಿ ಅರಳಿ ನಿಂತಿರುತ್ತಿದ್ದವು.

ಬೇಸಿಗೆ ಕಾಲಿಟ್ಟಿತು. ಹೊಸದಾಗಿ ಬಂದ ಕೆಲಸಗಾರರಿಗೆ ಗಿಡದ ನಾಡಿ ತಿಳಿಯದು. ಎಲೆಗಳು ಹಳದಿಗೆ ತಿರುಗಿದವು. ಒಂದು ಮಧ್ಯಾಹ್ನ ಅಳಿಯ ಬೆವರು ಒರೆಸಿಕೊಳ್ಳುತ್ತಾ ಅವಳ ಬಾಗಿಲಿಗೇ ಬಂದ.

"ಅಕ್ಕಾ, ನೀವೇ ಏನಾದ್ರೂ ಹೇಳ್ಬೇಕು."

ದಿನಕ್ಕೆರಡು ಹೊತ್ತು ನೀರು, ಮೇಲೊಂದಿಷ್ಟು ನೆರಳು. ಅಷ್ಟು ಸಾಕಿತ್ತು. ಅದು ಅವಳ ನಾಲಿಗೆಯ ತುದಿಯವರೆಗೂ ಬಂತು. ಆದರೆ ಅವಳು ಹೇಳಿದ್ದೇ ಬೇರೆ.

"ಎಲ್ಲಾ ಗಿಡಾನೂ ಗೇಣುದ್ದಕ್ಕೆ ಕತ್ತರಿಸಿ. ಹತ್ತು ದಿನ ಒಂದು ತೊಟ್ಟು ನೀರು ಕೊಡ್ಬೇಡಿ. ಬೇರಿಗೆ ವಿಶ್ರಾಂತಿ ಸಿಕ್ಕಿದ್ರೆ ತಾನಾಗೇ ಚಿಗುರುತ್ತೆ."

ಮದ್ದೇನೋ ಸುಳ್ಳಲ್ಲ. ಮಳೆ ನಿಂತು ಚಳಿ ಹತ್ತುವ ಹೊತ್ತಿಗೆ ಅವಳೇ ಪ್ರತಿ ವರ್ಷ ಹಾಗೆ ಮಾಡುತ್ತಿದ್ದಳು. ನೆಲ ಕಾದ ಹೆಂಚಾಗಿರುವ ಕಾಲದಲ್ಲಿ ಮಾತ್ರ ಅದು ವಿಷ. ಅಳಿಯ ಕೈ ಮುಗಿದು ಹೋದ.

ಹತ್ತನೆಯ ದಿನ ಅವಳು ಬೇಲಿಯ ಬಳಿ ನಿಂತು ನೋಡಿದಳು. ಆರುನೂರು ಮೋಟುಗಳು ಸುಟ್ಟ ಕಡ್ಡಿಗಳ ಹಾಗೆ ಕಪ್ಪಗಾಗಿದ್ದವು. ಅವಳೇ ಬೀಜದಿಂದ ಎಬ್ಬಿಸಿದ, ಮೂಲೆಯಲ್ಲಿದ್ದ ತಾಯಿಗಿಡವನ್ನೂ ಬಿಟ್ಟಿರಲಿಲ್ಲ. ಅದರ ಕಡೆ ಅವಳು ಎರಡನೆಯ ಸಲ ನೋಡಲಿಲ್ಲ. ಆದರೂ ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡಳು.

"ಏನಕ್ಕಾ, ಇವತ್ತು ಮುಖದಲ್ಲಿ ಕಳೆ?" ಅಂದಳು ತಂಗಿ.

"ಹಸಿವಾಗಿತ್ತು. ಆರು ತಿಂಗಳಿಂದ."

ಇನ್ನೊಂದು ವಾರಕ್ಕೆ, ತೋಟದಲ್ಲಿ ಅವಳ ಜೊತೆ ಹದಿನಾಲ್ಕು ವರ್ಷ ದುಡಿದಿದ್ದ ನೀರಿನವಳು ಬಂದು ಜಗಲಿಯ ಮೇಲೆ ಕುಸಿದು ಕೂತಳು. ಗಿಡಗಳಿಗೆ ನೀರು ಹಾಯಿಸುವುದು ಅವಳ ಕೆಲಸವಾಗಿತ್ತು. ಗಿಡವೇ ಇಲ್ಲದ ಮೇಲೆ ಅವಳನ್ನೂ ಮನೆಗೆ ಕಳಿಸಿದ್ದರು.

"ಅವನಿಗೇನಾಯ್ತು ಹೇಳು? ಮಾವನ ಜಾಗ ಇದೆ, ಉಗ್ರಾಣ ಕಟ್ಟಿಸ್ತಾನಂತೆ. ಬೀದಿಗೆ ಬಿದ್ದೋಳು ನಾನು."

ಇಷ್ಟು ತಿಂಗಳ ಲೆಕ್ಕಾಚಾರದಲ್ಲಿ ಈ ಮುಖ ಒಮ್ಮೆಯೂ ಕಸಿಯಕ್ಕನ ಕಣ್ಣ ಮುಂದೆ ಬಂದಿರಲಿಲ್ಲ.

"ಕತ್ತರಿಸು ಅಂತ ಹೇಳಿದ್ದು ನಾನೇ ಕಣೆ."

"ಗೊತ್ತು. ಬೇಸಿಗೇಲಿ ಅಂಥಾ ಮಾತು ಇನ್ಯಾರು ಹೇಳ್ತಾರೆ?"

"ಗೊತ್ತಿದ್ದೂ ಯಾಕೆ ತಡೀಲಿಲ್ಲ?"

ನೀರಿನವಳು ನೆಲ ನೋಡಿದಳು. "ಅವನು ಹಾಳಾಗ್ಲಿ ಅಂತ ನಂಗೂ ಇತ್ತು. ನಿಂತ ಕೊಂಬೇನೇ ಕೊಯ್ಕೊಂಡ್ವಿ, ನಾವಿಬ್ರೂ."

ಆಮೇಲೆ ಇಬ್ಬರೂ ಅತ್ತರು. ತೋಟದಾಚೆಗೆ ಒಂದು ಕಡ್ಡಿಯೂ ಹೋಗಿರದ ಬೆಣ್ಣೆ ಗುಲಾಬಿ ಇನ್ನು ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ.

ಮಳೆ ಶುರುವಾದಾಗ ರಸ್ತೆ ಬದಿಯ ಕಾಡುಗುಲಾಬಿಯ ಕಡ್ಡಿಗಳನ್ನು ಕೊಯ್ದು ತಂದು ಮನೆಯ ತಾರಸಿಯ ಮೇಲೆ ನೆಟ್ಟರು. ತಂಗಿ ಬಟ್ಟೆ ಒಣಹಾಕುವ ಜಾಗ ಬಿಟ್ಟುಕೊಟ್ಟು ಎರಡು ದಿನ ಗೊಣಗಿದಳು. ಕಸಿಯಕ್ಕ ಕಂಡಕಂಡವರ ಅಂಗಳದಿಂದ ಕೆಂಪು, ಬಿಳಿ, ಸಿಕ್ಕ ಸಿಕ್ಕ ಜಾತಿಯ ಕಣ್ಣುಗಳನ್ನು ಬೇಡಿ ತಂದಳು. ಮೊದಮೊದಲು ಹಳದಿ ಛಾಯೆಯದ್ದನ್ನೇ ಹುಡುಕುತ್ತಿದ್ದಳು. ಬರಬರುತ್ತಾ ಅದನ್ನು ಬಿಟ್ಟಳು. ನೀರಿನವಳ ಕೈಗೆ ಚಾಕು ಕೊಟ್ಟು ಕಲಿಸಿದಳು. "ಎಮ್ಮೆಗೆ ಹುಲ್ಲು ಕೊಯ್ತಿಲ್ಲ, ಮೆಲ್ಲಗೆ!" ಎಂದು ರೇಗುತ್ತಿದ್ದಳು. ಮೊದಲ ಹನ್ನೆರಡು ಕಣ್ಣುಗಳಲ್ಲಿ ಹನ್ನೊಂದು ಕೊಳೆತುಹೋದವು. ಮತ್ತೆ ಕೂರಿಸಿದರು.

ಚಳಿ ಬಿದ್ದಾಗ ತಾರಸಿಯಲ್ಲಿ ಇನ್ನೂರು ಕುಂಡಗಳಿದ್ದವು. ಒಂದು ಬೆಳಿಗ್ಗೆ ಅಳಿಯ ಮೆಟ್ಟಿಲ ಬುಡದಲ್ಲಿ ಬಂದು ನಿಂತ.

"ಅಕ್ಕಾ, ಆಗಿದ್ದು ಆಗ್ಹೋಯ್ತು. ಉಗ್ರಾಣ ಬೇಡ ಅಂದ್ಕೊಂಡಿದ್ದೀನಿ. ಮತ್ತೆ ತೋಟ ಮಾಡೋಣ, ಬನ್ನಿ. ನಿಮ್ಮ ಮದ್ದು ಯಾಕೋ ಹಿಡೀಲಿಲ್ಲ ಅಷ್ಟೆ."

ಅವನಿಗೆ ಇನ್ನೂ ತಿಳಿದಿರಲಿಲ್ಲ. ಕಸಿಯಕ್ಕ ಎರಡು ಮೆಟ್ಟಿಲು ಇಳಿದು, ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಹಿಡೀತು. ಗಿಡ ಸಾಯ್ಲಿ ಅಂತಾನೇ ಹೇಳಿದ್ದೆ."

ಅವನ ಮುಖದಿಂದ ರಕ್ತ ಇಳಿದುಹೋಯಿತು.

"ನಿಮ್ಮ ಮೇಲೆ... ಪೊಲೀಸಿಗೆ..."

"ಹೋಗಿ ಬರೆಸಿ. ಆ ಹೂವು ಬೆಳೆಸಿದ್ದು ಯಾರು ಅಂತ ಕೇಳ್ತಾರೆ, ಅದನ್ನೂ ಬರೆಸಿ."

ಅವನು ತಿರುಗಿ ನೋಡದೆ ಹೋದ. ಗಿಡ ಕೊಂದಾಗ ಸಿಗದಿದ್ದ ಸುಖ ಅವಳಿಗೆ ಆ ಒಂದು ಮಾತಿನಲ್ಲಿ ಸಿಕ್ಕಿತು. ಕ್ಷಮಿಸಬೇಕೆಂದು ಅವಳಿಗೆ ಆಗಲೂ ಅನ್ನಿಸಲಿಲ್ಲ, ಆಮೇಲೂ ಅನ್ನಿಸಲಿಲ್ಲ.

ಮೇಲೆ ಬಂದಾಗ ಮಾತ್ರ ಅವಳಿಗೆ ಚಾಕು ಹಿಡಿಯಲಾಗಲಿಲ್ಲ. ಆ ದಿನದ ಕಣ್ಣುಗಳನ್ನೆಲ್ಲ ನೀರಿನವಳೇ ಕೂರಿಸಿದಳು. ಕಸಿಯಕ್ಕ ಪಕ್ಕದಲ್ಲಿ ಕೂತು, ಒಮ್ಮೆಯೂ ರೇಗದೆ, ದಾರ ಕತ್ತರಿಸಿ ಕೊಟ್ಟಳು.