ಮೂರು ನೀರಿನ ಹೊಂಬಣ್ಣ

ಹದಿನಾಲ್ಕನೆಯ ದಿನ ಬೆಳಿಗ್ಗೆ ಮನೆಯಲ್ಲಿ ನೆಂಟರು ಯಾರೂ ಉಳಿದಿರಲಿಲ್ಲ. ನೀತಾ ಎದ್ದು ಚಹಾಕ್ಕೆ ನೀರಿಟ್ಟಳು. ಸಕ್ಕರೆ ಡಬ್ಬಿ ತೆರೆದರೆ ಒಳಗೆ ರವೆ ಇತ್ತು. ರವೆಯ ಡಬ್ಬಿಯಲ್ಲಿ ಶೇಂಗಾ. ಎರಡು ವಾರ ಅಡುಗೆಮನೆ ನಡೆಸಿದ ಚಿಕ್ಕಮ್ಮ ದೊಡ್ಡಮ್ಮಂದಿರು ತಮ್ಮ ತಮ್ಮ ಮನೆಯ ಕ್ರಮವನ್ನು ಇಲ್ಲಿಯೂ ಸ್ಥಾಪಿಸಿ ಹೋಗಿದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಅನುಸೂಯಾ, ಉಪ್ಪು ಎಲ್ಲಿದೆಯೆಂದು ತನಗೂ ಗೊತ್ತಿಲ್ಲ, ಇವತ್ತು ಕೈಗೆ ಸಿಕ್ಕಿದ್ದನ್ನೇ ಉಂಡರಾಯಿತು ಎಂದರು. ಗಂಡ ತೀರಿಕೊಂಡ ಮೇಲೆ ನೀತಾಳ ಮುಖದಲ್ಲಿ ನಗುವಿನಂಥದ್ದು ಸುಳಿದದ್ದು ಅದೇ ಮೊದಲು.

ಶಿವಪ್ರಕಾಶನ ಹೃದಯ ಮೂವತ್ತಾರನೆಯ ವಯಸ್ಸಿಗೇ ನಿಂತುಹೋಗಿತ್ತು. ಪುಣೆಯ ಹತ್ತಿರದ ತಳೇಗಾಂವದ ಕಾರ್ಖಾನೆಗಳ ಹಿಂದೆ ಅವನದೊಂದು ತಗಡಿನ ಶೆಡ್ಡು. ಹೆಂಗಸರು ಬಾಚಿ ಸುತ್ತಿಟ್ಟ ಕೂದಲನ್ನು ಊರೂರು ತಿರುಗುವವರು ಪಿನ್ನು ಪಾತ್ರೆ ಕೊಟ್ಟು ಕೊಂಡು ತರುತ್ತಾರಲ್ಲ, ಆ ಕೂದಲು ಕೊನೆಗೆ ಬಂದು ಸೇರುವುದು ಇಂಥ ಶೆಡ್ಡುಗಳಿಗೆ. ಅಲ್ಲಿ ಸಿಕ್ಕು ಬಿಡಿಸಿ, ಉದ್ದ ನೋಡಿ ಕಟ್ಟು ಕಟ್ಟಿ, ಕರಿ ಬಣ್ಣ ತೆಗೆದು ಹೊಂಬಣ್ಣ ಮಾಡುತ್ತಾರೆ. ಆಮೇಲೆ ಅದು ವಿಗ್ಗಾಗಿ ಹೊರದೇಶಕ್ಕೆ ಹೋಗುತ್ತದೆ. ನೀತಾ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಪುಣೆಯ ಕಾಲೇಜೊಂದರಲ್ಲಿ ಪ್ರಯೋಗದ ಪಾಠ ಹೇಳುತ್ತಿದ್ದಳು. ಮದುವೆಯಾಗಿ ಆರು ವರ್ಷದಲ್ಲಿ ಶೆಡ್ಡಿಗೆ ಹೋದದ್ದು ಒಮ್ಮೆ, ದಸರೆಯ ಪೂಜೆಗೆ. ಪೇಢೆ ತಿಂದು ಹತ್ತು ನಿಮಿಷಕ್ಕೆ ತಿರುಗಿ ಬಂದಿದ್ದಳು.

ಚಹಾ ಕುದಿಯುವ ಹೊತ್ತಿಗೆ ಶೆಡ್ಡಿನ ಕೆಲಸ ನೋಡಿಕೊಳ್ಳುವ ಮುಕಾದಮ ರಾಮಲಿಂಗಪ್ಪ ಬಂದ. ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಗಂಟು. ಮಾಲು ಕೊಳ್ಳುವ ಪುಣೆಯ ಕೇತಕಿ ಮ್ಯಾಡಮ್ಮು ಇಡೀ ಲಾಟನ್ನು ಹಿಂದಕ್ಕೆ ಕಳಿಸಿದ್ದಾರೆ ಎಂದು ನೆಲ ನೋಡುತ್ತ ಹೇಳಿದ. ನೀತಾ ಒಂದು ಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಂಗಾರದ ಬಣ್ಣ ನಿಜ. ಆದರೆ ಅದರ ಮೇಲೆ, ಮಳೆಗಾಲದ ಗೋಡೆಯ ಮೇಲಿನ ಪಾಚಿಯಂತೆ, ತೆಳುವಾದ ಹಸಿರು. ಹನ್ನೆರಡು ದಿನದೊಳಗೆ ಹದಿನೈದು ಕಿಲೋ ಸರಿಯಾದ ಮಾಲು ಕೊಡಬೇಕಂತೆ. ಇನ್ನೊಮ್ಮೆ ಹಸಿರು ಬಂದರೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ಶೆಡ್ಡಿಗೆ ಇರುವುದು ಅವರೊಬ್ಬರೇ ಗಿರಾಕಿ. ಅದು ಮುಚ್ಚಿದರೆ ಎಂಟು ಜನ ಹೆಂಗಸರು ಮತ್ತೆ ಕಟ್ಟಡಗಳಲ್ಲಿ ಇಟ್ಟಂಗಿ ಹೊರಲು ಹೋಗಬೇಕು.

“ನಾನು ಬಂದು ನೋಡ್ತೀನಿ ಕಾಕಾ,” ಎಂದಳು ನೀತಾ.

ರಾಮಲಿಂಗಪ್ಪ ಅನುಸೂಯಾರ ಕಡೆ ನೋಡಿದ. ಇಷ್ಟು ಬೇಗ ಹೊರಗೆ ಬೀಳುವುದು ಹೇಗೋ ಏನೋ, ಒಂದು ತಿಂಗಳಾದರೂ ಕಳೆಯಲಿ ಎಂದು ಗೊಣಗಿದ.

ಅನುಸೂಯಾ ಅವನ ಕೈಗೆ ಚಹಾದ ಕಪ್ಪು ಕೊಟ್ಟರು. “ಮ್ಯಾಡಮ್ಮು ಒಂದ ತಿಂಗಳ ಕಾಯ್ತಾರೇನು? ಹೋಗಿ ಬರಲಿ ಬಿಡು. ಮನ್ಯಾಗ ಕೂತು ಆಕಿ ಡಬ್ಬಿ ಎಣಸೂದು ನಾ ನೋಡಲಾರೆ.”

ಚಹಾದಲ್ಲಿ ಸಕ್ಕರೆ ಇರಲಿಲ್ಲ. ಮೂವರೂ ಅದರ ಮಾತೆತ್ತದೆ ಕುಡಿದರು.

ಶೆಡ್ಡಿನ ಒಳಗೆ ಕಾಲಿಟ್ಟಾಗ ಮೊದಲು ಹತ್ತಿದ್ದು ವಾಸನೆ. ಕಣ್ಣಲ್ಲಿ ನೀರು ಬಂತು. ಆಮೇಲೆ ಕಂಡದ್ದು ಹೆಂಗಸರು. ಯಾದಗಿರಿ ಕಡೆಯ ಆ ಎಂಟು ಜನರಿಗೂ ಹಣೆಯ ಮೇಲಿನ ಒಂದೆಳೆ ಕೂದಲು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಒದ್ದೆಗೈಯಲ್ಲಿ ಬೆವರು ಒರೆಸಿಕೊಂಡು ಆದದ್ದು. ಅವರಲ್ಲಿ ಹಿರಿಯಳಾದ ಶಿವಗಂಗವ್ವನಿಗೆ ಎರಡು ಕಡೆಯೂ ಆಗಿತ್ತು. ಆಕೆಯನ್ನು ಉಳಿದವರು ಮಡ್ಡಮ್ಮ, ಅಂದರೆ ಬಿಳಿಯರ ದೊರೆಸಾನಿ, ಎಂದು ಕರೆಯುತ್ತಿದ್ದರು. ತಾನು ಬಾಚಿದ ಕೂದಲು ಎಷ್ಟೋ ಸಲ ವಿಮಾನ ಹತ್ತಿ ಹೋಯಿತು, ತಾನಿನ್ನೂ ಲೋಕಲ್ ರೈಲಿನಲ್ಲೇ ಇದ್ದೇನೆ ಎಂದು ಆಕೆ ನೀತಾಳಿಗೆ ಪರಿಚಯ ಹೇಳಿಕೊಂಡಳು.

ನಡುವೆ, ಬಿಸಿಲು ಬೀಳುವಲ್ಲಿ, ಒಂದು ದೊಡ್ಡ ಹಂಡೆ. ರಾಮಲಿಂಗಪ್ಪ ಅದರೊಳಗೆ ಬಣ್ಣ ತೆಗೆಯುವ ಪುಡಿಯನ್ನೂ ಪೆರಾಕ್ಸೈಡನ್ನೂ ಸುರಿದ. ಬುರುಗು ಹಾಲುಕ್ಕಿದಂತೆ ಮೇಲೆದ್ದು ಬಂತು. ರೇಣು ಎಂಬ ಚಿಕ್ಕ ವಯಸ್ಸಿನವಳು ಬರಿಗೈಯನ್ನು ಮೊಣಕೈವರೆಗೆ ಇಳಿಸಿ ಕೂದಲಿನ ಕಟ್ಟುಗಳನ್ನು ತಿರುವತೊಡಗಿದಳು. ಕೋಲಿನಿಂದ ತಿರುವಿದರೆ ಸಿಕ್ಕಾಗುತ್ತದೆ. ಹಂಡೆ ಸದ್ದು ಮಾಡುತ್ತ ಇನ್ನಷ್ಟು ಕಾದು ಉಕ್ಕಿ, ಬುರುಗು ಅವಳ ತೋಳಿನ ಮೇಲೆ ಹರಿಯಿತು.

ರೇಣು ಹಲ್ಲು ಕಚ್ಚಿದಳೇ ಹೊರತು ಕೈ ತೆಗೆಯಲಿಲ್ಲ. ನೀತಾ ಅವಳನ್ನು ಎಳೆದುಕೊಂಡು ಹೋಗಿ ನಳದ ಕೆಳಗೆ ನಿಲ್ಲಿಸಿದಳು. ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು, ವಾರಕ್ಕೊಮ್ಮೆ ಇದು ಇದ್ದದ್ದೇ ಎಂದು ಒಬ್ಬಳು ಬಾಟಲಿ ತಂದಳು. ನೀತಾ ಬೇಡವೆಂದಳು, ಇಪ್ಪತ್ತು ನಿಮಿಷ ಹರಿಯುವ ನೀರು, ಆಮೇಲೆ ಡಾಕ್ಟರು. ಹತ್ತನೆಯ ನಿಮಿಷಕ್ಕೆ ರೇಣು, ತನ್ನ ಒಂದು ಕೈ ತೊಳೆಯಲು ಟಾಕಿ ಖಾಲಿಯಾಗುತ್ತದೆ, ಮದುವೆಯಲ್ಲೂ ತನಗೆ ಇಷ್ಟು ನೀರು ಹಾಕಿರಲಿಲ್ಲ ಎಂದಳು. ಅವಳ ಬೆರಳ ತುದಿಗಳು ಬೆಳ್ಳಗೆ ಸೀಳಿದ್ದವು. ನೀತಾ ಉಳಿದ ಏಳು ಜನರ ಕೈಗಳನ್ನೂ ನೋಡಿದಳು. ಆರು ವರ್ಷ ತಾನು ಉಂಡ ಅನ್ನ ಎಲ್ಲಿಂದ ಬಂತೆಂದು ಅವಳಿಗೆ ಯಾರೂ ಮುಚ್ಚಿಟ್ಟಿರಲಿಲ್ಲ. ಅವಳೇ ಕೇಳಿರಲಿಲ್ಲ.

ಗ್ಲೌಸು ಇಲ್ಲವೇ ಎಂದದ್ದಕ್ಕೆ ಎಲ್ಲರೂ ನಕ್ಕರು. ಶಿವಪ್ರಕಾಶ ಒಂದು ದೊಡ್ಡ ಪೆಟ್ಟಿಗೆ ತುಂಬ ತಂದುಕೊಟ್ಟಿದ್ದ. ಕೆಲವು ಉಪ್ಪಿನಕಾಯಿ ಭರಣಿಯ ಬಾಯಿಗೆ ಹೋಗಿದ್ದವು, ಕೆಲವನ್ನು ಊದಿ ಮಕ್ಕಳಿಗೆ ಐದು ಬಾಲದ ಫುಗ್ಗೆ ಮಾಡಿಕೊಟ್ಟಿದ್ದರು.

“ಅದನ್ನ ಹಾಕ್ಕೊಂಡ್ರ ಕೂದಲು ಹದಕ್ಕ ಬಂದದ್ದು ತಿಳಿಯೂದಿಲ್ರಿ ವೈನಿ,” ಎಂದಳು ಶಿವಗಂಗವ್ವ. “ಬೆಂದ ಶಾವಿಗಿ ಹಾಂಗ ಬೆರಳಾಗ ಜಾರಬೇಕು. ಆಗ ತಗದ್ರ ಬಂಗಾರ. ಇದು ಕಣ್ಣಿನ ಕೆಲಸ ಅಲ್ಲ, ಕೈಯಿಂದು.”

ನೀತಾ ಒಂದು ಎಳೆ ತೆಗೆದು ಎಳೆದಳು. ಅದು ರಬ್ಬರಿನಂತೆ ಹಿಗ್ಗಿ ತುಂಡಾಯಿತು. ಕೂದಲು ಹಾಗೆ ಜಾರತೊಡಗಿತೆಂದರೆ ಆಗಲೇ ಹಾಳಾಗಿದೆ ಎಂದು ಅರ್ಥ. ತಮ್ಮ ಕೈ ಸುಟ್ಟುಕೊಂಡು ಇವರು ಕಾಯುತ್ತಿದ್ದದ್ದು ಹದವನ್ನಲ್ಲ, ಹದ ಮೀರಿದ ಗಳಿಗೆಯನ್ನು. ಇಷ್ಟು ವರ್ಷದ ಕೈಕಸುಬಿನ ಬಗ್ಗೆ ಆ ಮಾತನ್ನು ಮೊದಲ ದಿನವೇ ಹೇಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅವಳು ಬಿಳಿ ಅರಳೆಯೊಂದನ್ನು ತರಿಸಿ ಹಂಡೆಯ ಒಳಗೋಡೆಗೆ ಒರೆಸಿದಳು. ಅರಳೆ ನೀಲಿಹಸಿರಾಯಿತು.

“ಕಾಕಾ, ಹಂಡೆ ತಾಮ್ರದ್ದು. ಔಷಧದಾಗ ತಾಮ್ರ ಕರಗ್ತದ. ಕೂದಲಿಗೆ ಹಸಿರು ಬರೂದು ಅದರಿಂದನ. ಹಿಂಗ ಕಾಯೂದೂ ಉಕ್ಕೂದೂ ಅದರಿಂದನ.”

ರಾಮಲಿಂಗಪ್ಪ ಬಗ್ಗಲಿಲ್ಲ. ಅವನ ಮಾತಿನಲ್ಲಿಯೂ ಹುರುಳಿತ್ತು. ಪ್ಲಾಸ್ಟಿಕ್ಕಿನ ಟಬ್ಬಿನಲ್ಲಿ ಎರಡು ತಾಸು ಹಿಡಿಯುವ ಬಣ್ಣ ಈ ಹಂಡೆಯಲ್ಲಿ ಅರ್ಧ ತಾಸಿಗೆ ಬರುತ್ತದೆ. ಅದಕ್ಕೇ ಎಲ್ಲರೂ ಅದನ್ನು ಕೈಗುಣದ ಹಂಡೆ ಎನ್ನುತ್ತಿದ್ದರು. ಹೆಂಗಸರ ಪಗಾರ ಕಟ್ಟಿನ ಲೆಕ್ಕದ್ದು. ನಿಧಾನ ಮಾಡಿದರೆ ಅವರ ಹೊಟ್ಟೆಗೇ ಹೊಡೆತ. ಮೇಲಾಗಿ ಹನ್ನೆರಡೇ ದಿನ.

“ಹಂಡೆ ತಂದವ್ರು ಶಿವಪ್ರಕಾಶ ಅವ್ರನ,” ಎಂದ ಕೊನೆಗೆ. “ಹಿಂಗ ಮಾಡ್ರಿ ಅಂದವ್ರೂ ಅವ್ರನ. ಅವ್ರು ಹೋಗಿ ಹದಿನೈದ ದಿನ ಆಗಿಲ್ಲ, ತಪ್ಪು ಅಂದ್ರ ಹ್ಯಾಂಗ್ರಿ?”

ನೀತಾ ಕೈಯಲ್ಲಿದ್ದ ಅರಳೆಯನ್ನು ನೋಡಿದಳು.

“ತಪ್ಪ ಅದು,” ಎಂದಳು. “ಇದ್ದಿದ್ರ ಅವ್ರಿಗೂ ಹೇಳ್ತಿದ್ದೆ. ಇದ್ದಾಗ ಹೇಳಬೇಕಿತ್ತು.”

ಮರುದಿನ ಅವಳು ಮೂರು ಪ್ಲಾಸ್ಟಿಕ್ ಟಬ್ಬು ತಂದಳು. ನೆರಳಿನಲ್ಲಿ, ಬಾಗಿಲು ತೆರೆದಿಟ್ಟು, ಅರ್ಧ ಬಲದ ಔಷಧದಲ್ಲಿ ಒಂದು ಕಟ್ಟು ಅದ್ದಿದಳು. ಇಟ್ಟಂಗಿ ಬಣ್ಣ ಬಂದ ಕೂಡಲೇ ತೆಗೆದು, ತೊಳೆದು, ಆರಲು ಬಿಟ್ಟಳು. ಎರಡನೆಯ ನೀರಿಗೆ ಕಿತ್ತಳೆ. ಮೂರನೆಯದಕ್ಕೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ಹಳದಿ. ಕೊನೆಗೆ ಒಂದಿಷ್ಟು ಊದಾ ಬಣ್ಣದ ನೀರಿನಲ್ಲಿ ಅದ್ದಿದರೆ ಆ ಹಳದಿ ಅಡಗಿ ತಿಳಿಯಾದ ಹೊಂಬಣ್ಣ ಉಳಿಯಿತು. ಹದವನ್ನು ಕಣ್ಣೇ ಹೇಳುತ್ತಿತ್ತು, ಕೈ ಕೇಳಬೇಕಾಗಿರಲಿಲ್ಲ. ಆದರೆ ಬೆಳಿಗ್ಗೆ ಇಟ್ಟದ್ದು ಮುಗಿದದ್ದು ಸಂಜೆಗೆ. ರಾಮಲಿಂಗಪ್ಪ ಗಡಿಯಾರ ನೋಡಿದ.

ನೀತಾ ಹಂಡೆಯ ಕೂದಲಿನ ಒಂದೆಳೆಯನ್ನೂ ಟಬ್ಬಿನ ಕೂದಲಿನ ಒಂದೆಳೆಯನ್ನೂ ಹಗ್ಗಕ್ಕೆ ಕಟ್ಟಿ, ಸೀರೆಯ ಪಿನ್ನುಗಳನ್ನು ಒಂದೊಂದಾಗಿ ತೂಗಹಾಕಲು ಹೇಳಿದಳು. ಹೆಂಗಸರು ಕೆಲಸ ಬಿಟ್ಟು ಸುತ್ತ ನಿಂತರು. ತಮ್ಮ ಸೀರೆಯ ಪಿನ್ನುಗಳನ್ನೇ ಬಿಚ್ಚಿ ಕೊಟ್ಟರು. ಶಿವಗಂಗವ್ವ ಹಂಡೆಯ ಪಕ್ಷ, ರೇಣು ಟಬ್ಬಿನ ಪಕ್ಷ. ಸೋತವರು ಗೆದ್ದವರಿಗೆ ಮಿರ್ಚಿ ಭಜಿ ತಿನ್ನಿಸಬೇಕು. ಹಂಡೆಯ ಎಳೆ ಮೂರನೆಯ ಪಿನ್ನಿಗೆ ತುಂಡಾಯಿತು. ಟಬ್ಬಿನದು ಹದಿನಾಲ್ಕಾದರೂ ತೂಗಾಡುತ್ತಲೇ ಇತ್ತು. ಪಿನ್ನು ಮುಗಿದವು, ಅಷ್ಟು ಹೊತ್ತಿಗೆ ಎಲ್ಲರ ಸೆರಗೂ ಜಾರಿ, ಒಬ್ಬೊಬ್ಬರು ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡು ನಗುತ್ತಿದ್ದರು. ಶಿವಗಂಗವ್ವ ಮಾತ್ರ ನಗಲಿಲ್ಲ. ಭಜಿ ತರಲು ಹೋದವಳು ತಡವಾಗಿ ಬಂದಳು.

ರಾಮಲಿಂಗಪ್ಪ ತುಂಡಾದ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಬಹಳ ಹೊತ್ತು ಕೂತಿದ್ದ. ಹಂಡೆಯ ಮಾಲಿನಲ್ಲಿ ಬಾಚುವಾಗ ಕಾಲುಭಾಗ ಉದುರಿ ಹೋಗುತ್ತಿತ್ತು. ಉದುರಿದ್ದಕ್ಕೆ ಯಾರಿಗೂ ಪಗಾರ ಇರಲಿಲ್ಲ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಮರುದಿನ ಬೆಳಿಗ್ಗೆ ಅವನೇ ಬಾಯಿ ಬಿಟ್ಟ.

“ವೈನಿ, ಒಂದ ಟಬ್ಬಿನ ಮುಂದ ಎಂಟ ಮಂದಿ ಯಾಕ ಕೂಡಬೇಕ್ರಿ? ರೊಟ್ಟಿ ಮಾಡೂ ಮುಂದ ಒಂದು ಹಂಚಿನ ಮ್ಯಾಲ ಇರ್ತದ, ಒಂದು ಕೆಂಡದ ಮುಂದ ಇರ್ತದ, ಒಂದನ್ನ ಬಡೀತಿರ್ತೀವಿ. ಹಾಂಗ ಒಂಬತ್ತ ಟಬ್ಬ ಹಚ್ಚೂಣ. ಮೊದಲನೇ ನೀರಿಂದು ತೊಳಿಯೂದ್ರಾಗ ಇನ್ನೊಂದು ಇಳೀಲಿ. ಗಡಿಯಾರ ನಾ ನೋಡ್ತೀನಿ.”

“ಕಾಕಾ, ನೀವು ಮನ್ಯಾಗ ರೊಟ್ಟಿ ಬಡೀತೀರೇನು?” ಎಂದಳು ರೇಣು.

“ಬಡದಿಲ್ಲ. ತಿಂದೀನಿ. ತಿನ್ನಾವ್ಗ ಎಲ್ಲಾ ಕಾಣ್ತದ.”

ಹಾಗೆ ಒಂಬತ್ತು ಟಬ್ಬುಗಳ ಸಾಲು ಬಂತು. ಗೋಡೆಯಲ್ಲಿ ಗಾಳಿ ಎಳೆಯುವ ಎರಡು ಫ್ಯಾನು ಬಂದವು. ಮೊಣಕೈವರೆಗಿನ ಗ್ಲೌಸು ಬಂದವು. ಈ ಸಲ ಅವು ಭರಣಿಗೆ ಹೋಗಲಿಲ್ಲ, ಯಾಕೆಂದರೆ ಬೆರಳಿಗೆ ಈಗ ಹದ ನೋಡುವ ಕೆಲಸವಿರಲಿಲ್ಲ. ರಾಮಲಿಂಗಪ್ಪ ಸಾಲಿನ ನಡುವೆ ಕುಸ್ತಿ ಕಣದ ತೀರ್ಪುಗಾರನಂತೆ ಓಡಾಡುತ್ತ, ನಾಲ್ಕನೇ ಟಬ್ಬು ಎತ್ತಿ, ಏಳನೇದು ಇಳಿಸಿ ಎಂದು ಕೂಗುತ್ತಿದ್ದ. ಹಳೆಯ ಹಸಿರು ಮಾಲಿಗೆ ಗಾಢ ಕಂದು ಬಣ್ಣ ಹಾಕಿ ಬೇರೆ ಕಡೆಗೆ ಕೊಡುವ ದಾರಿಯನ್ನೂ ಅವನೇ ಹುಡುಕಿದ. ರೇಣುವಿನ ತೋಳಿನ ಗುಳ್ಳೆ ಒಣಗಿ ಉದುರಿತು. ನೀತಾ ಕಾಲೇಜಿಗೆ ರಜೆ ಹಾಕಿ ದಿನವೂ ಬಂದಳು. ಮನೆಗೆ ಹೋಗುವಾಗ ಹಸಿವೆಯಾಗಿರುವುದು ಅವಳ ಗಮನಕ್ಕೆ ಬರತೊಡಗಿತು.

ಗಡುವಿನ ಹನ್ನೊಂದನೆಯ ದಿನ ಕೇತಕಿ ಸ್ವತಃ ಬಂದಳು. ಕಟ್ಟುಗಳನ್ನು ಬಿಸಿಲಿಗೆ ಹಿಡಿದಳು, ಬೆರಳಿಂದ ಬಾಚಿದಳು, ಮೂಸಿದಳು, ಒಂದೆಳೆಯನ್ನು ಹಲ್ಲಿನಿಂದ ಎಳೆದೂ ನೋಡಿದಳು. “ಛಾನ್ ಆಹೇ,” ಎಂದು ಮರಾಠಿಯಲ್ಲಿ ಮೆಚ್ಚಿ, ಮುಂದಿನ ತಿಂಗಳಿಗೂ ಹದಿನೈದು ಕಿಲೋ ಬರೆದುಕೊಂಡಳು.

ಅವಳ ಗಾಡಿ ಹೋದ ಮೇಲೆ ಶೆಡ್ಡಿನಲ್ಲಿ ಗದ್ದಲವೋ ಗದ್ದಲ. ಮೂಲೆಯಲ್ಲಿ ಬೋರಲು ಬಿದ್ದಿದ್ದ ಹಂಡೆಯನ್ನು ಗುಜರಿಯ ಮೋಡಕಾದವನಿಗೆ ಹಾಕಿ, ಬಂದದ್ದರಲ್ಲಿ ಎಲ್ಲರೂ ಜೇಜುರಿಯ ದೇವರಿಗೆ ಹೋಗಿ ಬರೋಣ ಎಂದು ಯಾರೋ ಅಂದರು. ಶಿವಗಂಗವ್ವ ಎದ್ದು ಹೊರಗೆ ಹೋದಳು.

ರಾಮಲಿಂಗಪ್ಪ ನೀತಾಳನ್ನು ಬದಿಗೆ ಕರೆದ. ಹಂಡೆ ಶೆಡ್ಡಿನದಲ್ಲ, ಶಿವಗಂಗವ್ವನದು ಎಂದ. ಮದುವೆಯಲ್ಲಿ ಅವಳ ಅವ್ವ ಕೊಟ್ಟದ್ದಂತೆ. ಊರು ಬಿಟ್ಟು ಬರುವಾಗ ಹಾಸಿಗೆ ಬಿಟ್ಟಳು, ಅದನ್ನು ಬಿಡಲಿಲ್ಲ. ಎರಡು ವರ್ಷದ ಹಿಂದೆ ಟಬ್ಬು ಸೀಳಿದಾಗ ಶಿವಪ್ರಕಾಶ ಎರಡು ದಿನಕ್ಕೆಂದು ಕಡ ತಂದಿದ್ದ. ಬಣ್ಣ ಬೇಗ ಬರುವುದು ನೋಡಿ ಕೊಡಲು ಮನಸ್ಸಾಗಲಿಲ್ಲ. ಅವಳು ಕೇಳಲಿಲ್ಲ. ತನ್ನ ಹಂಡೆಯಿಂದ ಶೆಡ್ಡು ನಡೆಯುತ್ತದೆ ಎಂಬುದೇ ಅವಳಿಗೊಂದು ಹೆಮ್ಮೆಯಾಗಿತ್ತು.

ನೀತಾಳಿಗೆ ಭಜಿಯ ದಿನದ ಆ ಮುಖ ಈಗ ಅರ್ಥವಾಯಿತು.

ಅವಳು ಹುಣಸೆಹಣ್ಣು ಉಪ್ಪು ತರಿಸಿ ನಳದ ಕೆಳಗೆ ಕೂತಳು. ರೇಣು ತಾನು ತಿಕ್ಕುತ್ತೇನೆಂದು ಬಂದರೂ ಕೊಡಲಿಲ್ಲ. ಒಂದು ತಾಸು ತಿಕ್ಕಿದ ಮೇಲೆ ತಾಮ್ರ ತನ್ನ ಕೆಂಪು ಮೈ ತೋರಿಸಿತು. ರಾಮಲಿಂಗಪ್ಪ ಹಂಡೆಯ ಒಂದು ಕಿವಿ ಹಿಡಿದ, ನೀತಾ ಇನ್ನೊಂದು; ಎರಡು ಓಣಿ ದಾಟಿ ತಗಡಿನ ಮನೆಗಳ ಸಾಲಿಗೆ ಹೊತ್ತೊಯ್ದರು.

ಶಿವಗಂಗವ್ವ ಮನೆಯ ಮುಂದೆ, ಮೂರು ಕಲ್ಲಿನ ಒಲೆಯ ಮೇಲೆ ಎಣ್ಣೆಯ ತಗಡಿನ ಡಬ್ಬಿಯಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದಳು. ಹಂಡೆಯನ್ನು ನೋಡಿ ಎದ್ದು ನಿಂತಳು, ಹತ್ತಿರ ಬರಲಿಲ್ಲ.

“ಕೆಟ್ಟ ಹಂಡಿ ಅಂತ ತಂದ್ರೇನ್ರಿ ವೈನಿ?”

“ಹಂಡೆದು ಏನೂ ತಪ್ಪಿಲ್ಲ ಶಿವಗಂಗವ್ವಾ. ಅದು ನೀರು ಕಾಸೂ ಹಂಡೆ. ಎರಡ ದಿನಕ್ಕಂತ ಒಯ್ದು ಎರಡು ವರ್ಷ ಇಟ್ಕೊಂಡ್ವಿ. ಮನಿಯವರ ಪರವಾಗಿ ನಾ ತಂದೀನಿ.”

ಶಿವಗಂಗವ್ವ ಬಗ್ಗಿ ಒಳಗೆ ಇಣುಕಿದಳು. ಬೆರಳ ಗಂಟಿನಿಂದ ಒಮ್ಮೆ ಬಡಿದು ಸದ್ದು ಕೇಳಿದಳು. ಆಮೇಲೆ ಎಣ್ಣೆ ಡಬ್ಬಿಯನ್ನು ಸೆರಗಿನಿಂದ ಹಿಡಿದು ಕೆಳಗಿಳಿಸಿ, ಕಲ್ಲುಗಳನ್ನು ಕಾಲಿನಿಂದ ಇಷ್ಟಿಷ್ಟು ಹೊರಗೆ ಸರಿಸಿದಳು.

“ಆ ಕಡಿ ಹಿಡೀರಿ,” ಎಂದಳು. “ಸಾವಕಾಶ. ಅದರ ತಳ ಒಂದಿಷ್ಟು ಸೊಟ್ಟ ಅದ.”

ನೀತಾ ಹಿಡಿದಳು. ಇಬ್ಬರೂ ಸೇರಿ ಹಂಡೆಯನ್ನು ಒಲೆಯ ಮೇಲೆ ಕೂರಿಸಿದರು.