ಉಡದ ಪಟ್ಟಿನ ಕ್ಲಚ್ಚು

ಅವಲಪಲ್ಲಿಯ ಹನುಮಂತರಾಯಪ್ಪನವರ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಆರು ತಿಂಗಳಲ್ಲಿ ಎರಡು ಗೇರ್ ಬಾಕ್ಸ್ ನುಂಗಿ ನೀರು ಕುಡಿದಿತ್ತು. ಅದಕ್ಕೆ ಮೂರರಷ್ಟು ಶಕ್ತಿಯ ಹೊಸ ಎಂಜಿನ್ ಕೂರಿಸಿದ ದಿನವೇ ಹೆಂಡತಿ ರುಕ್ಮಿಣಮ್ಮ “ಮೂಗಿಗಿಂತ ಮೂಗುತಿ ಭಾರ” ಅಂದಿದ್ದರು. ಕೇಳಬೇಕಲ್ಲ! ಈಗ ದೇಶವೆಲ್ಲ ಜಾಲಾಡಿ ಮೂರನೆಯದನ್ನು ತರಿಸಿದ್ದರು. ನಾಲ್ಕನೆಯದು ಎಲ್ಲೂ ಇರಲಿಲ್ಲ. ಇದೂ ಮುರಿದರೆ, ಒಂಬತ್ತು ವರ್ಷ ಕೈಯಾರೆ ಕಟ್ಟಿದ ಕಾರು ಗುಜರಿಗೇ.

ಮಗಳು ಮೇಘಶ್ರೀಗೆ ಮಾತ್ರ ಒಂದು ಪ್ರಶ್ನೆ ಕೊರೆಯುತ್ತಿತ್ತು. ಹೊಸೂರಿನ ಲಾರಿ ಕಾರ್ಖಾನೆಯಲ್ಲಿ ಗೇರು ತಪಾಸಣೆ ಅವಳ ಕೆಲಸ. ಮುರಿದದ್ದು ಕಂಡರೆ ಹೇಗೆ ಮುರಿಯಿತು ಎಂದು ತಿಳಿಯದೆ ಅವಳಿಗೆ ಊಟ ಸೇರದು. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಪೇಪರ್ ಹಾಸಿ, ಗೇರುಗಳ ಮುರಿದ ಹಲ್ಲುಗಳನ್ನು ಹರಡಿಕೊಂಡು ಕೂತಳು.

“ಅಪ್ಪಾ, ಹಲ್ಲು ಸವ್ದೇ ಇಲ್ಲ. ಒಂದೇ ಏಟಿಗೆ ಮುರ್ದವೆ. ಯಾವಾಗ ಮುರೀತು?”

“ಕ್ಲಚ್ ಬಿಟ್ಟ ತಕ್ಷಣ. ಎರಡು ಸಲಾನೂ ಅಂಗೇಯ.”

“ಕ್ಲಚ್ ಯಾವ್ದು ಹಾಕಿದ್ದೀಯ?”

ಹನುಮಂತರಾಯಪ್ಪನವರ ಎದೆ ಉಬ್ಬಿತು. ಅದೇ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಕ್ಲಚ್ ಕೂರಿಸಿ ನಿವೃತ್ತರಾದವರು. “ಮಿನಿ ಲಾರೀದು ಕಣಮ್ಮ, ನಾನೇ ಲೇತಲ್ಲಿ ಹೊಂದಿಸ್ದೆ. ಉಡದ ಪಟ್ಟು! ಕೂದಲೆಳೆಯಷ್ಟೂ ಜಾರಲ್ಲ.”

ಮೇಘಶ್ರೀಗೆ ಥಟ್ಟನೆ ಹೊಳೆಯಿತು, ಹೊಳೆದದ್ದಕ್ಕೆ ಸಂಕಟವೂ ಆಯಿತು. “ಅದೇ ತಪ್ಪಪ್ಪ. ಕಾರಿನ ಹಳೇ ಕ್ಲಚ್ಚು ವಸಿ ಜಾರಿ ಎಂಜಿನ್ನಿನ ಏಟು ತಾನೇ ತಿನ್ಕಂತಿತ್ತು. ಇದು ಜಾರಲ್ಲ, ಏಟೆಲ್ಲಾ ಹಲ್ಲಿಗೇ ಬೀಳ್ತದೆ.”

“ಜಾರೋ ಕ್ಲಚ್ ಹಾಕು ಅಂತೀಯಾ? ನಾನಾ?” ಅವರು ಎದ್ದು ಹೋದರು. ಇಷ್ಟು ದಿನ ಗೇರ್ ಬಾಕ್ಸ್ ಮಾಡಿದವರಿಗೆ ಶಾಪ ಹಾಕುತ್ತಿದ್ದವರು ಸಂಜೆ ತಾವೇ ಬಂದು ಮುರಿದ ಹಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

ಮುಂದಿನ ಭಾನುವಾರ ಮೂರನೆಯ ಗೇರ್ ಬಾಕ್ಸಿನ ಜೊತೆ ಕಾರಿನ ಹಳೇ ಮಾದರಿಯ ಕ್ಲಚ್ಚೇ ಕೂತಿತ್ತು. ಅಪ್ಪ ಮಗಳು ಹೊರಟರು. ಸೂಳಗಿರಿಯ ಏರಿನಲ್ಲಿ ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ಹನುಮಂತರಾಯಪ್ಪನವರಿಗೆ ರೋಷ ಬಂತು. ಗೇರ್ ಬದಲಿಸಿ, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ತುಳಿದೇಬಿಟ್ಟರು. ಎಂಜಿನ್ ಅರಚಿತು, ಕಾರು ಮಾತ್ರ ಮುಂದೆ ನುಗ್ಗಲಿಲ್ಲ. ಸುಟ್ಟ ವಾಸನೆ ಬಂತು. ಹಲ್ಲು ಮುರಿದ ಸದ್ದು ಬರಲಿಲ್ಲ.

“ಜಾರ್ತು,” ಅಂದರು, ಕ್ಲಚ್ಚನ್ನು ಅಂದೇ ಮೊದಲು ಕಂಡವರಂತೆ. ಕಾಲು ಸಡಿಲಿಸಿದರು. ಕಾರು ಮೆಲ್ಲಗೆ ಏರು ಹತ್ತತೊಡಗಿತು.

“ಮೂವತ್ತೆರಡು ವರ್ಸ ಕ್ಲಚ್ಚು ಹಿಂಗೆ ಜಾರ್ಬಾರ್ದು ಅಂತಲೇ ದುಡ್ದೆ ಕಣಮ್ಮ,” ಎಂದು ನಕ್ಕು, ಕೈ ಹೊರಗೆ ಚಾಚಿ, ಲಾರಿಗೆ ದಾರಿ ಬಿಟ್ಟರು.