ಕಟಕಟೆಯ ಕುರ್ಚಿ

"ಹೂಂ ಅಂದ್ಬಿಡೇ. ಚುನಾವಣೆ ಮುಗಿಯೋವರ್ಗೂ ಸಭೇಲಿ ಮಾತಾಡಲ್ಲ ಅಂತ ಒಂದು ಮುಚ್ಚಳಿಕೆ, ಅಷ್ಟೇ ತಾನೇ ಕೇಳ್ತಿರೋದು? ಸಂಜೆ ಬಿಸಿನೀರಲ್ಲಿ ಸ್ನಾನ ಮಾಡಿ ಮನೇಲಿ ಮಲ್ಕೋಬಹುದು."

ನ್ಯಾಯಾಲಯದ ಮೊಗಸಾಲೆಯಲ್ಲಿ, ಇಬ್ಬರು ಪೊಲೀಸರ ನಡುವೆ ನಿಂತಿದ್ದ ತಂಗಿಯ ಕಿವಿಯಲ್ಲಿ ಅಕ್ಕ ಪಿಸುಗುಟ್ಟಿದಳು. ಮತದಾರರ ಪಟ್ಟಿಯಿಂದ ಹೆಸರು ಕಳೆದುಕೊಂಡ ಇಡೀ ಒಂದು ಕೇರಿಯ ಪರವಾಗಿ ನಗರದ ಚೌಕದಲ್ಲಿ ಮಾತನಾಡಿದ್ದೇ ತಂಗಿಯ ಮೇಲಿನ ಆರೋಪ.

"ಅಕ್ಕಾ, ನೀನು ವಕೀಲೆ ಆಗಿದ್ರೆ ನನ್ನ ಕಕ್ಷಿದಾರರೆಲ್ಲ ಹೂಂ ಅಂತಲೇ ಜೈಲು ಸೇರಿರೋರು."

"ಹಲ್ಲು ಕಿರೀಬೇಡ. ಇಷ್ಟು ವರ್ಷ ಕರೀ ಕೋಟು ಹಾಕ್ಕೊಂಡು ಸಂಪಾದಿಸಿದ್ದೇನು? ಒಂದು ಕುರ್ಚಿ! ಅದೂ ನಿನಗಲ್ಲ."

ಮಾತು ಹಳೆಯದೇ. ಹಿಂದೊಮ್ಮೆ, ಮುಷ್ಕರ ಹೂಡಿದ್ದ ವೃದ್ಧ ನೇಕಾರನೊಬ್ಬ ಇದೇ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ನಿಂತು ಕುಸಿದುಬಿದ್ದಿದ್ದ. ಅಪರಾಧ ಸಾಬೀತಾಗುವ ಮೊದಲೇ ಅವನ ಕಾಲುಗಳಿಗೇಕೆ ಶಿಕ್ಷೆ ಎಂದು ತಂಗಿ ಮೇಲಿನ ನ್ಯಾಯಾಲಯದವರೆಗೂ ವಾದಿಸಿದಳು. ಮೂಲ ಮೊಕದ್ದಮೆ ಸೋತಿತು. ಕಟಕಟೆಯಲ್ಲಿ ಕುರ್ಚಿಯಿಡಬೇಕೆಂಬ ಆಜ್ಞೆ ಉಳಿಯಿತು. ಅಂದಿನಿಂದ ಸಹೋದ್ಯೋಗಿಗಳ ಬಾಯಲ್ಲಿ ಅವಳು 'ಕುರ್ಚಿ ವಕೀಲೆ'. ಬಂಧುಗಳ ಮುಂದೆ ಆ ಹೆಸರು ಕೇಳಿದಾಗಲೆಲ್ಲ ಅಕ್ಕ ತಲೆತಗ್ಗಿಸಿದ್ದಳು.

ಕರೆ ಬಂತು. ತಂಗಿ ಕಟಕಟೆ ಹತ್ತಿದಳು. ಜವಾನ ತನ್ನ ತೋಳಿನಿಂದಲೇ ಕುರ್ಚಿಯ ಧೂಳು ಒರೆಸಿದ. ಅಕ್ಕ ಅದನ್ನು ಕಂಡದ್ದು ಅಂದೇ ಮೊದಲು. ಸಾಧಾರಣ ಮರದ್ದು, ಅದೆಷ್ಟೋ ಅಂಗೈಗಳು ಹಿಡಿದು ಅದರ ಕೈಗಳು ನುಣುಪೇರಿದ್ದವು.

"ಮುಚ್ಚಳಿಕೆ ಕೊಟ್ಟರೆ ಈಗಲೇ ಜಾಮೀನು. ಏನು ಹೇಳ್ತೀರಿ?" ನ್ಯಾಯಾಧೀಶರು ಕೇಳಿದರು.

ತಂಗಿ ಎದ್ದು ನಿಂತಳು. "ಮತದಾನ ಮುಗಿದ ಮೇಲೆ ಮಾತಾಡಿ ಆ ಕೇರಿಯವರಿಗೇನು ಪ್ರಯೋಜನ, ಸ್ವಾಮಿ? ಕೊಡೋದಿಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದು, ಒರೆಸಿ, ಮತ್ತೆ ಧರಿಸಿದರು. ಬಂಧನ ಮುಂದುವರಿಯಲೆಂದು ಆದೇಶವಾಯಿತು.

ಪಕ್ಕದಲ್ಲಿ ಕುಳಿತಿದ್ದಾತ ಅಕ್ಕನತ್ತ ಬಾಗಿದ. "ಯಾರಮ್ಮಾ ಆಕೆ? ಒಂಚೂರು ಬಗ್ಗಿದ್ರೆ ಮನೆಗೆ ಹೋಗ್ಬಹುದಿತ್ತಲ್ಲ!"

"ನನ್ನ ತಂಗಿ," ಎಂದಳು ಅಕ್ಕ. ದನಿ ತಾನಾಗಿಯೇ ಏರಿತು. "ಕುರ್ಚಿ ವಕೀಲೆ ಅಂತಾರೆ. ಆ ಕುರ್ಚಿ ಹಾಕ್ಸಿದ್ದೇ ಅವಳು!"

"ಸದ್ದು!" ಎಂದು ಜವಾನ ಗದರಿದ.

ಬಾಗಿಲ ಬಳಿ ಅಕ್ಕ ತಾನು ಹೊದ್ದಿದ್ದ ಶಾಲನ್ನು ತೆಗೆದು ತಂಗಿಯ ಹೆಗಲಿಗೆ ಹೊದಿಸಿದಳು.

"ಬೈಯಲ್ವೇನಕ್ಕಾ?"

"ಮನೆಗೆ ಬಾ. ಆಮೇಲಿದೆ ನಿನಗೆ."

ಪೊಲೀಸರು ತಂಗಿಯನ್ನು ಕರೆದೊಯ್ದರು. ಒಳಗೆ ಮುಂದಿನ ಆರೋಪಿಯನ್ನು ಕೂಗಿದರು. ನಡುಗುವ ಕಾಲುಗಳ ಮುದುಕನೊಬ್ಬ ಕಂಬಿ ಹಿಡಿದು ಕಟಕಟೆ ಏರಿದ. ಯಾರನ್ನೂ ಕೇಳದೆ, ಯಾರತ್ತಲೂ ನೋಡದೆ, ಕುರ್ಚಿಯಲ್ಲಿ ಕುಳಿತ.